ಫಲಿತಾಂಶಕ್ಕೆ ಮೊದಲು ಹಾಜರಿ ಪುಸ್ತಕ

ಗುಂಪಿನ ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ಈಚೆಗಷ್ಟೇ ಇಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಗೆ ಬಂದಿರುವ ತಾಯಿಯೊಬ್ಬರು ಕಳೆದ ವಾರ ಕೇಳಿದ ಪ್ರಶ್ನೆಗೆ ನಾಲ್ಕು ಸಾಲಿನಲ್ಲಿ ಉತ್ತರಿಸೋಣವೆಂದು ಕುಳಿತೆ, ಆಗಲಿಲ್ಲ. ಅವರ ಮನೆಯ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಯಲ್ಲಿ, ಎಂದರೆ ಸ್ಥಳೀಯ ಶಾಲಾ ಆಡಳಿತ ನಡೆಸುವ ಸರ್ಕಾರಿ ಶಾಲೆಯಲ್ಲಿ, ರಾಜ್ಯದ ಗಣಿತ ಪರೀಕ್ಷೆಯ ಮಟ್ಟ ಮುಟ್ಟಿದ ಮಕ್ಕಳು ಶೇ. 64, ಆರು ಮೈಲಿ ಆಚೆಗಿನ ಚಾರ್ಟರ್ ಶಾಲೆಯಲ್ಲಿ (ಸರ್ಕಾರದ ಹಣದಲ್ಲಿ, ಆದರೆ ತನ್ನದೇ ಆಡಳಿತದಲ್ಲಿ ನಡೆಯುವ ಶಾಲೆ) ಶೇ. 76. ಮಗನನ್ನು ಚಾರ್ಟರ್‌ಗೆ ಸೇರಿಸುವ ಸಲುವಾಗಿ ಬಾಡಿಗೆ ಮನೆಯನ್ನೂ ಅತ್ತ ಬದಲಿಸುವುದು ಸರಿಯೇ ಎಂಬುದು ಅವರ ಪ್ರಶ್ನೆ. ಇದರಲ್ಲಿ ಕೇಳುವುದೇನಿದೆ, 76 ದೊಡ್ಡದಲ್ಲವೇ ಎಂದು ಹೆಚ್ಚಿನವರು ಹೇಳಿದ್ದಾರೆ. ಹನ್ನೊಂದು ವರ್ಷದ ಹಿಂದೆ ನಾನೂ ನನ್ನ ಯಜಮಾನರೂ ಇದೇ ಲೆಕ್ಕ ಹಾಕಿ ದೊಡ್ಡ ಮಗಳನ್ನು ಒಂದು ಚಾರ್ಟರ್ ಶಾಲೆಗೆ ಸೇರಿಸಿದ್ದೆವು. ಚಿಕ್ಕವನು ಈಗ ನಮ್ಮ ಬೀದಿಯ ಕೊನೆಯಲ್ಲಿರುವ ಡಿಸ್ಟ್ರಿಕ್ಟ್ ಶಾಲೆಯಲ್ಲಿ ಓದುತ್ತಿದ್ದಾನೆ. ಎರಡೂ ಕಡೆ ಕಂಡದ್ದರ ಮೇಲೆ ನನಗನಿಸುವುದೇನೆಂದರೆ, ಆ ಎರಡು ಸಂಖ್ಯೆಗಳು ಮೊದಲು ತಿಳಿಸುವುದು ಯಾವ ಶಾಲೆಗೆ ಯಾರ ಮನೆಯ ಮಕ್ಕಳು ಹೋಗುತ್ತಾರೆ ಎಂಬುದನ್ನು. ಶಾಲೆ ಹೇಗೆ ಕಲಿಸುತ್ತದೆ ಎಂಬುದು ತಿಳಿಯಬೇಕಾದರೆ ಆ ಸಂಖ್ಯೆಗಳಿರುವ ವರದಿಯ ಇನ್ನೊಂದು ಪುಟವನ್ನು ತೆರೆಯಬೇಕು.

ಊರಿನಿಂದ ಬಂದ ಹೊಸತರಲ್ಲಿ ಚಾರ್ಟರ್ ಎಂದರೆ ಅರೆ ಖಾಸಗಿ ಶಾಲೆ ಎಂಬ ಭಾವನೆ ಬರುವುದು ಸಹಜ. ನಮ್ಮ ಅನುದಾನಿತ ಶಾಲೆಗಳಿಗೆ ಹೋಲಿಸುವವರೂ ಇದ್ದಾರೆ. ಆ ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. 1991ರಲ್ಲಿ ಮಿನೆಸೋಟ, 1992ರಲ್ಲಿ ಕ್ಯಾಲಿಫೋರ್ನಿಯ ಈ ಬಗೆಯ ಶಾಲೆಗಳಿಗೆ ಕಾನೂನು ಮಾಡಿದವು. ತೆರಿಗೆ ಹಣದಿಂದ ನಡೆಯುವ ಇವು ಶುಲ್ಕ ಕೇಳುವಂತಿಲ್ಲ, ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವಂತಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಎಲ್ಲರೆದುರು ಲಾಟರಿ ಎತ್ತಬೇಕು. ಆದರೆ ಆಡಳಿತ ಮಂಡಳಿ ಅವುಗಳದೇ. ಡಿಸ್ಟ್ರಿಕ್ಟ್ ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥದು) ಕೊಟ್ಟ ಪರವಾನಗಿಯ ಅವಧಿ ಮುಗಿದಾಗ ಫಲಿತಾಂಶ ತೋರಿಸಿ ಅದನ್ನು ನವೀಕರಿಸಿಕೊಳ್ಳಬೇಕು.

ಈ ಒಂದೇ ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ಶಾಲೆಗಳಿವೆ ಎಂಬುದಕ್ಕೆ ನಮ್ಮ ಸ್ಯಾಂಟಾ ಕ್ಲಾರಾ ಕೌಂಟಿಯೇ ಸಾಕು. 2007ರಲ್ಲಿ ಸ್ಯಾನ್ ಹೋಸೆಯಲ್ಲಿ ಮೊದಲ ಶಾಲೆ ತೆರೆದ ರಾಕೆಟ್‌ಶಿಪ್ ಸಂಸ್ಥೆಯಲ್ಲಿ ಹೆಚ್ಚಿನವರು ಬಡ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳ ಮಕ್ಕಳು. ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡಿ ಶಾಲೆಯಲ್ಲಿ ಇಂಗ್ಲಿಷ್ ಕಲಿಯುವವರು. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಲಾಸ್ ಆಲ್ಟೋಸ್‌ನಲ್ಲಿ ಬುಲಿಸ್ ಚಾರ್ಟರ್ ಶಾಲೆ ಇದೆ. ಡಿಸ್ಟ್ರಿಕ್ಟ್ 2003ರಲ್ಲಿ ಲಾಸ್ ಆಲ್ಟೋಸ್ ಹಿಲ್ಸ್‌ನ ಶಾಲೆಯೊಂದನ್ನು ಮುಚ್ಚಿದಾಗ ಅಲ್ಲಿನ ತಂದೆತಾಯಿಗಳೇ ಸೇರಿ ಕೌಂಟಿಯಿಂದ ಪರವಾನಗಿ ಪಡೆದು 2004ರಲ್ಲಿ ಅದನ್ನು ಆರಂಭಿಸಿದರು. ದೇಶದ ಅತಿ ಶ್ರೀಮಂತ ಬಡಾವಣೆಗಳಲ್ಲೊಂದರ ನಡುವೆ ಇರುವ ಈ ಶಾಲೆಯ ಫಲಿತಾಂಶ ರಾಜ್ಯದ ಅತ್ಯುತ್ತಮವಾದವುಗಳ ಸಾಲಿನದು. ಪ್ರತಿ ಮಗುವಿಗೆ ವರ್ಷಕ್ಕೆ ಸುಮಾರು 5,000 ಡಾಲರ್ ಐಚ್ಛಿಕ ಕೊಡುಗೆಯನ್ನು ಅದು ಕೋರುತ್ತಿದ್ದುದು, ಬಡ ಮಕ್ಕಳೂ ವಿಶೇಷ ಶಿಕ್ಷಣದ ಅಗತ್ಯವುಳ್ಳ ಮಕ್ಕಳೂ ಅಲ್ಲಿ ಡಿಸ್ಟ್ರಿಕ್ಟ್‌ಗಿಂತ ಕಡಿಮೆ ಎಂಬ ಆಕ್ಷೇಪ ಕೇಳಿಬಂದದ್ದು ಇಲ್ಲಿನ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಚರ್ಚೆಯಾಗಿದೆ. ಎರಡೂ ಚಾರ್ಟರ್ ಶಾಲೆಗಳೇ. ಇವುಗಳ ಶೇಕಡಾವಾರನ್ನು ಅಕ್ಕಪಕ್ಕ ಇಟ್ಟು ಒಂದರ ಶಿಕ್ಷಕರು ಮೇಲು, ಇನ್ನೊಂದರವರು ಕೀಳು ಎನ್ನುವುದು, ಮಲೆನಾಡಿನ ಗದ್ದೆಯನ್ನೂ ಬಯಲುಸೀಮೆಯ ಹೊಲವನ್ನೂ ಪಕ್ಕಪಕ್ಕ ಇಟ್ಟು ರೈತರಲ್ಲಿ ಯಾರು ಜಾಣರು ಎಂದು ತೀರ್ಮಾನಿಸಿದಂತೆ.

ಈಗ ಆ 64 ಮತ್ತು 76ಕ್ಕೆ ಬರೋಣ. ಅವು ಹೀಗೂ ಹುಟ್ಟಬಹುದು. ಇದು ನಾನು ಕಲ್ಪಿಸಿದ ಲೆಕ್ಕ, ಆ ಎರಡು ಶಾಲೆಗಳದಲ್ಲ. ಪ್ರತಿ ಶಾಲೆಯಲ್ಲಿ ನೂರು ಮಕ್ಕಳು ಪರೀಕ್ಷೆ ಬರೆದರೆಂದು ಇಟ್ಟುಕೊಳ್ಳಿ. ಚಾರ್ಟರ್‌ನಲ್ಲಿ 10 ಮಕ್ಕಳು ಬಡವರು, ಅವರಲ್ಲಿ 4 ಮಂದಿ ಮಟ್ಟ ಮುಟ್ಟಿದರು. ಉಳಿದ 90ರಲ್ಲಿ 72 ಮಂದಿ ಮುಟ್ಟಿದರು. ಒಟ್ಟು 76. ಡಿಸ್ಟ್ರಿಕ್ಟ್ ಶಾಲೆಯಲ್ಲಿ 60 ಮಕ್ಕಳು ಬಡವರು, ಅವರಲ್ಲಿ 30 ಮಂದಿ ಮುಟ್ಟಿದರು. ಉಳಿದ 40ರಲ್ಲಿ 34 ಮಂದಿ ಮುಟ್ಟಿದರು. ಒಟ್ಟು 64. ಬಡ ಮಕ್ಕಳನ್ನು ಮಾತ್ರ ನೋಡಿದರೆ ಚಾರ್ಟರ್‌ನದು ಶೇ. 40, ಡಿಸ್ಟ್ರಿಕ್ಟ್‌ನದು ಶೇ. 50, ಉಳಿದವರನ್ನು ಮಾತ್ರ ನೋಡಿದರೆ ಚಾರ್ಟರ್‌ನದು ಶೇ. 80, ಡಿಸ್ಟ್ರಿಕ್ಟ್‌ನದು ಶೇ. 85. ಎರಡೂ ಬಗೆಯ ಮಕ್ಕಳಿಗೆ ಡಿಸ್ಟ್ರಿಕ್ಟ್ ಶಾಲೆಯೇ ಮೇಲಾಗಿದ್ದರೂ ಒಟ್ಟು ಸಂಖ್ಯೆಯಲ್ಲಿ ಅದು ಹನ್ನೆರಡು ಅಂಶ ಹಿಂದಿದೆ. ನಮ್ಮಲ್ಲಿ ಬಹುಪಾಲು ಜನ ದಿನವಿಡೀ ದತ್ತಾಂಶದ ಜೊತೆಗೇ ಕೆಲಸ ಮಾಡುವವರು. ಕಚೇರಿಯಲ್ಲಿ ಇಂಥ ಸರಾಸರಿಯನ್ನು ಯಾರಾದರೂ ತಂದಿಟ್ಟರೆ ಮೀಟಿಂಗನ್ನೇ ನಿಲ್ಲಿಸುವ ನಾವು ಶಾಲೆಯ ವಿಷಯದಲ್ಲಿ ಮಾತ್ರ ಅದನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ.

ಲಾಟರಿಯಲ್ಲಿ ಎತ್ತಿದ ಮೇಲೆ ಎಲ್ಲ ಬಗೆಯ ಮಕ್ಕಳೂ ಬರಬೇಕಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಪೆಟ್ಟಿಗೆಯೊಳಗೆ ಬಿದ್ದ ಚೀಟಿಗಳ ಮಟ್ಟಿಗೆ ಲಾಟರಿ ನ್ಯಾಯವಾಗಿಯೇ ಇರುತ್ತದೆ. ಯಾರ ಚೀಟಿ ಪೆಟ್ಟಿಗೆಯ ತನಕ ಬಂತು ಎಂಬುದೇ ಬೇರೆ ಮಾತು. ಆರು ತಿಂಗಳು ಮೊದಲೇ ಅರ್ಜಿಯ ದಿನಾಂಕ ತಿಳಿದಿರಬೇಕು. ಹಳದಿ ಶಾಲಾ ಬಸ್ಸು ಇಲ್ಲದಿರುವುದರಿಂದ ಬೆಳಗ್ಗೆ ಎಂಟಕ್ಕೂ ಮಧ್ಯಾಹ್ನ ಎರಡೂವರೆಗೂ ಕಾರು ಓಡಿಸಲು ಒಬ್ಬರಿಗೆ ಬಿಡುವಿರಬೇಕು. ಅಣ್ಣನೋ ಅಕ್ಕನೋ ಆಗಲೇ ಅಲ್ಲಿದ್ದರೆ ಸಾಮಾನ್ಯವಾಗಿ ಆದ್ಯತೆ ಸಿಗುತ್ತದೆ. ಸುದ್ದಿ ಹರಡುವುದು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕವೇ, ಆದ್ದರಿಂದ ನಮ್ಮಂಥವರ ಮಕ್ಕಳು ಇರುವಲ್ಲಿಗೆ ನಮ್ಮಂಥವರೇ ಇನ್ನಷ್ಟು ಬರುತ್ತಾರೆ. ಸುತ್ತಲಿನ ಡಿಸ್ಟ್ರಿಕ್ಟ್‌ನ ಜನಸಮುದಾಯವನ್ನು ಹೋಲುವ ಸಮತೋಲನ ತಮ್ಮ ಶಾಲೆಯಲ್ಲಿ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಪರವಾನಗಿ ಕೇಳುವಾಗಲೇ ಬರೆದು ಕೊಡಬೇಕೆಂದು ಕ್ಯಾಲಿಫೋರ್ನಿಯದ ಶಿಕ್ಷಣ ಸಂಹಿತೆ ಹೇಳುತ್ತದೆ. ಬರೆದು ಕೊಡುತ್ತಾರೆ ಕೂಡ. ದೇಶದ ಮಟ್ಟದಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, ಸಾಮಾನ್ಯ ಸಾರ್ವಜನಿಕ ಶಾಲೆಗಳಲ್ಲಿ ಅಂಗವೈಕಲ್ಯವುಳ್ಳ ಮಕ್ಕಳು ಶೇ. 11ರಷ್ಟಿದ್ದರೆ ಚಾರ್ಟರ್‌ಗಳಲ್ಲಿ ಶೇ. 8ರಷ್ಟಿದ್ದರು.

ಸೇರುವಾಗ ಆಗುವ ಈ ಜರಡಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಸೇರಿದ ಮೇಲಿನ ಜರಡಿ. ಮಗಳು ಒಂದನೇ ತರಗತಿಯಲ್ಲಿದ್ದಾಗ ಆ ಶಾಲೆಯಲ್ಲಿ ಅವಳ ವರ್ಷದವರದು ನಾಲ್ಕು ವಿಭಾಗ. ಏಳನೇ ತರಗತಿಗೆ ಬರುವ ಹೊತ್ತಿಗೆ ಎರಡೂವರೆ. ಯಾರನ್ನೂ ಹೊರಗೆ ಹಾಕಿದ್ದನ್ನು ನಾನು ಕಾಣಲಿಲ್ಲ. ಓದುವುದರಲ್ಲಿ ನಿಧಾನವಿದ್ದ ಅವಳ ಗೆಳತಿಯೊಬ್ಬಳ ತಾಯಿಯನ್ನು ಮಾತ್ರ ಮೂರು ಸಲ ಕರೆಸಿ, ಈ ವೇಗ ನಿಮ್ಮ ಮಗುವಿಗೆ ಹೊಂದುತ್ತದೆಯೇ ಯೋಚಿಸಿ ಎಂದು ಬಹಳ ಮೃದುವಾಗಿ ಹೇಳಿದರಂತೆ. ನಾಲ್ಕನೆಯ ಸಲ ಕರೆಸುವ ಅಗತ್ಯ ಬೀಳಲಿಲ್ಲ. ಖಾಲಿಯಾದ ಸೀಟಿಗೆ ಮೇಲಿನ ತರಗತಿಗಳಲ್ಲಿ ಹೊಸಬರನ್ನು ತೆಗೆದುಕೊಳ್ಳಲೂ ಇಲ್ಲ. ಆ ವರ್ಷ ಶಾಲೆಯ ಶೇಕಡಾವಾರು ಏರಿತು, ನಾವೆಲ್ಲ ಸಂಭ್ರಮಿಸಿದೆವು. ಕಾರಣ ಹೊಳೆದದ್ದು ತಡವಾಗಿ. ಊರಿನಲ್ಲಿ ನೂರಕ್ಕೆ ನೂರು ಎಸ್ಸೆಸ್ಸೆಲ್ಸಿ ಫಲಿತಾಂಶದ ಫ್ಲೆಕ್ಸ್ ಕಟ್ಟುವ ಕೆಲವು ಶಾಲೆಗಳು ಒಂಬತ್ತನೆಯಲ್ಲೇ ಟಿಸಿ ಕೊಟ್ಟು ಕಳುಹಿಸುವ ಸಂಗತಿ ಗೊತ್ತಿದ್ದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.

ಇದರ ದೊಡ್ಡ ರೂಪವನ್ನು ಅರಿಝೋನದಲ್ಲಿ ನೋಡಬಹುದು. 1998ರಲ್ಲಿ ಟೂಸಾನ್‌ನಲ್ಲಿ ಆರಂಭವಾದ ಬೇಸಿಸ್ ಚಾರ್ಟರ್ ಶಾಲೆಗಳು ಯುಎಸ್ ನ್ಯೂಸ್ ಪತ್ರಿಕೆಯ 2018ರ ಹೈಸ್ಕೂಲು ಶ್ರೇಯಾಂಕ ಪಟ್ಟಿಯಲ್ಲಿ ದೇಶಕ್ಕೇ ಮೊದಲ ಐದೂ ಸ್ಥಾನಗಳನ್ನು ಪಡೆದವು. ಫೀನಿಕ್ಸ್ ಸುತ್ತಲಿನ ನಮ್ಮ ಸ್ನೇಹಿತರಲ್ಲಿ ಹಲವರು ಈ ಹೆಸರನ್ನು ಕೇಳಿಯೇ ಚಾಂಡ್ಲರ್‌ನಲ್ಲಿ ಮನೆ ಕೊಂಡವರು. ಪಾಠ ಅಲ್ಲಿ ನಿಜಕ್ಕೂ ಗಟ್ಟಿಯಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವರ್ಷದ ಪಟ್ಟಿ ಹೆಚ್ಚಿನ ತೂಕ ಕೊಟ್ಟದ್ದು 12ನೇ ತರಗತಿಗೆ ಬಂದು ಮುಟ್ಟಿದವರು ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳಲ್ಲಿ ಏನು ಮಾಡಿದರು ಎಂಬುದಕ್ಕೆ. ದಾರಿಯಲ್ಲಿ ಬಿಟ್ಟುಹೋದವರು ಆ ಭಾಗಾಕಾರದ ಕೆಳಗಿನ ಸಂಖ್ಯೆಯಲ್ಲಿ ಇರಲೇ ಇಲ್ಲ.

ಹಾಗಾದರೆ ಚಾರ್ಟರ್‌ಗಳು ಬರೀ ಲೆಕ್ಕದ ಆಟವೇ? ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಎಂಬ ಸಂಶೋಧನಾ ಕೇಂದ್ರ ಮಾಡುವುದೇನೆಂದರೆ, ಚಾರ್ಟರ್‌ನ ಪ್ರತಿ ಮಗುವಿಗೂ ಅದೇ ಹಿನ್ನೆಲೆಯ, ಹಿಂದಿನ ಪರೀಕ್ಷೆಯಲ್ಲಿ ಅಷ್ಟೇ ಅಂಕ ಪಡೆದ ಡಿಸ್ಟ್ರಿಕ್ಟ್ ಮಕ್ಕಳನ್ನು ಜೋಡಿ ಮಾಡಿ, ಒಂದು ವರ್ಷದಲ್ಲಿ ಯಾರು ಎಷ್ಟು ಮುಂದೆ ಹೋದರೆಂದು ಅಳೆಯುವುದು. 2009ರ ಅದರ ಮೊದಲ ರಾಷ್ಟ್ರಮಟ್ಟದ ವರದಿಯಲ್ಲಿ ಗಣಿತದಲ್ಲಿ ಮೇಲೆನಿಸಿದ ಚಾರ್ಟರ್‌ಗಳು ಶೇ. 17, ಕೀಳೆನಿಸಿದವು ಶೇ. 37, ಉಳಿದವುಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. 2023ರ ವರದಿಯ ಹೊತ್ತಿಗೆ ಚಿತ್ರ ಬದಲಾಗಿತ್ತು: ಚಾರ್ಟರ್ ಮಕ್ಕಳು ವರ್ಷಕ್ಕೆ ಓದುವುದರಲ್ಲಿ 16 ದಿನದ ಪಾಠದಷ್ಟು, ಗಣಿತದಲ್ಲಿ 6 ದಿನದಷ್ಟು ಮುಂದಿದ್ದರು. ಹೆಚ್ಚು ಲಾಭ ಪಡೆದವರಲ್ಲಿ ನಗರಗಳ ಬಡ ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಎದ್ದು ಕಾಣುತ್ತಾರೆ. ಆನ್‌ಲೈನ್ ಚಾರ್ಟರ್‌ಗಳ ಮಕ್ಕಳು ಮಾತ್ರ ಗಣಿತದಲ್ಲಿ 124 ದಿನ ಹಿಂದೆ ಬಿದ್ದಿದ್ದರು. ಆ ಕಡೆ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಗಮನಿಸಬೇಕು. 6 ದಿನ, 16 ದಿನ ಸಣ್ಣ ಲಾಭವಲ್ಲ, ಆದರೆ 64ಕ್ಕೂ 76ಕ್ಕೂ ನಡುವೆ ಕಾಣುವ ಕಂದಕವನ್ನು ಅದರಿಂದ ವಿವರಿಸಲಾಗದು.

ರಾಜ್ಯದ ಪರೀಕ್ಷಾ ಜಾಲತಾಣದಲ್ಲಿಯೂ ಡ್ಯಾಶ್‌ಬೋರ್ಡ್ ಎಂಬ ಶಾಲಾ ಸಾಧನೆಯ ತಾಣದಲ್ಲಿಯೂ ಪ್ರತಿ ಶಾಲೆಯ ಫಲಿತಾಂಶವನ್ನು ಜನಾಂಗ, ಬಡತನ, ಭಾಷೆಗಳ ಪ್ರಕಾರ ಒಡೆದು ತೋರಿಸುತ್ತಾರೆ. ನಮ್ಮವರು ನೇರವಾಗಿ ಏಷ್ಯನ್ ಎಂಬ ಸಾಲಿಗೆ ಹೋಗುತ್ತಾರೆ. ಆ ಸಾಲಿನಲ್ಲಿ ಎಚ್‌ಒನ್‌ಬಿ ವೀಸಾದ ಎಂಜಿನಿಯರರ ಮಕ್ಕಳೂ ಆಗ್ನೇಯ ಏಷ್ಯಾದಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್, ಕಾಂಬೋಡಿಯನ್ ಕುಟುಂಬಗಳ ಮಕ್ಕಳೂ ಒಟ್ಟಿಗೇ ಇರುತ್ತಾರೆ, ಆದ್ದರಿಂದ ಅದೂ ಒಂದು ಸರಾಸರಿಯೇ. ಪರೀಕ್ಷೆ ಬರೆದವರು ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಂಖ್ಯೆಯ ಬದಲು ನಕ್ಷತ್ರದ ಗುರುತು ಇರುತ್ತದೆ. ಮಕ್ಕಳ ಗುಟ್ಟು ಕಾಪಾಡಲು ಮಾಡಿರುವ ವ್ಯವಸ್ಥೆ ಅದು. ಬಡ ಮಕ್ಕಳ ಸಾಲಿನಲ್ಲಿ ನಕ್ಷತ್ರಗಳೇ ತುಂಬಿದ್ದರೆ ಅಂಥ ಮಕ್ಕಳು ಅಲ್ಲಿ ಬೆರಳೆಣಿಕೆಯಷ್ಟು ಎಂದು ಅರ್ಥ.

ಕೊನೆಯದು ಭಾಷೆಯ ಸಾಲು. ಮಗುವನ್ನು ಸೇರಿಸುವಾಗ ಕೊಡುವ, ಮನೆಯ ಭಾಷೆ ಯಾವುದೆಂದು ಕೇಳುವ ಹೋಮ್ ಲ್ಯಾಂಗ್ವೇಜ್ ಸರ್ವೇಯ ಮೊದಲ ಮೂರು ಪ್ರಶ್ನೆಗಳಲ್ಲಿ ಎಲ್ಲಾದರೂ ಕನ್ನಡ ಎಂದು ಬರೆದರೆ ಮಗುವಿಗೆ ಮೂವತ್ತು ದಿನಗಳೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಮಟ್ಟ ಮುಟ್ಟದಿದ್ದರೆ ಇಂಗ್ಲಿಷ್ ಲರ್ನರ್ (ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು) ಎಂಬ ಹೆಸರು ಬೀಳುತ್ತದೆ. ಆ ಹೆಸರಿಗೆ ಹೆದರಿ ಕನ್ನಡ ಬರೆಯಬೇಡಿ ಎಂಬ ಸಲಹೆ ಈ ಗುಂಪಿನಲ್ಲೇ ಎಷ್ಟೋ ಸಲ ಬಂದಿದೆ. ನಾವು ದೊಡ್ಡವಳಿಗೆ ಕನ್ನಡ ಎಂದೇ ಬರೆದೆವು. ಎರಡು ವರ್ಷ ದಿನಕ್ಕೆ ಅರ್ಧ ಗಂಟೆ ಅವಳಿಗೆ ಪ್ರತ್ಯೇಕ ಇಂಗ್ಲಿಷ್ ಪಾಠ ಸಿಕ್ಕಿತು, ಮೂರನೆಯ ತರಗತಿಗೆ ಮೊದಲೇ ಆ ಪಟ್ಟಿಯಿಂದ ಹೊರಬಂದಳು, ಅವಳ ಕನ್ನಡವೂ ಉಳಿಯಿತು. 2013ರ ಶಾಲಾ ಅನುದಾನ ಸೂತ್ರದ ಪ್ರಕಾರ ಇಂಥ ಪ್ರತಿ ಮಗುವಿಗೆ ಮೂಲ ಅನುದಾನದ ಶೇ. 20ರಷ್ಟು ಹೆಚ್ಚು ಹಣ ಬರುತ್ತದೆ, ಚಾರ್ಟರ್‌ಗೂ ಡಿಸ್ಟ್ರಿಕ್ಟ್‌ಗೂ ಸಮನಾಗಿ. ಇಂಗ್ಲಿಷ್ ಲರ್ನರ್ ಹೆಚ್ಚಿರುವ ಶಾಲೆ ಎಂದರೆ ಕೆಳದರ್ಜೆಯದು ಎಂದು ತಳ್ಳಿಹಾಕುವ ಮೊದಲು, ಮನೆಯಲ್ಲಿ ಕನ್ನಡ ಮಾತನಾಡುವ ನಮ್ಮ ಮಕ್ಕಳೂ ಅದೇ ಎಣಿಕೆಯಲ್ಲಿ ಇರುತ್ತಾರೆಂಬುದನ್ನು ನೆನೆಯಬೇಕು.

ಪ್ರಶ್ನೆ ಕೇಳಿದ ತಾಯಿಗೆ ನೇರವಾಗಿ ಹೇಳುತ್ತೇನೆ. ಲಾಟರಿ ಅರ್ಜಿಗೆ ಖರ್ಚಿಲ್ಲ, ಹಾಕಿ. ಕ್ಯಾಲಿಫೋರ್ನಿಯದಲ್ಲಿ ಚಾರ್ಟರ್‌ಗೆ ಆ ಬಡಾವಣೆಯಲ್ಲೇ ವಾಸವಿರಬೇಕೆಂಬ ನಿಯಮವಿಲ್ಲ, ಡಿಸ್ಟ್ರಿಕ್ಟ್‌ನ ನಿವಾಸಿಗಳಿಗೆ ಲಾಟರಿಯಲ್ಲಿ ಆದ್ಯತೆ ಇರುತ್ತದೆ ಅಷ್ಟೆ. ಆದ್ದರಿಂದ ಸೀಟು ಕೈಗೆ ಬರುವ ಮೊದಲು ಮನೆ ಬದಲಿಸಬೇಡಿ. ಪಾಲಕರ ಸಭೆಗೆ ಹೋದಾಗ, ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಇನ್ನೂ ಇಲ್ಲೇ ಓದುತ್ತಿದ್ದಾರೆ, ಬಿಟ್ಟವರ ಜಾಗಕ್ಕೆ ಯಾರನ್ನು ತೆಗೆದುಕೊಳ್ಳುತ್ತೀರಿ ಎಂದು ಕೇಳಿ. ಉತ್ತರದಷ್ಟೇ ಉತ್ತರಿಸುವ ರೀತಿಯನ್ನೂ ನೋಡಿ. ಅದೇ ಪ್ರಶ್ನೆಗಳನ್ನು ಹತ್ತಿರದ ಶಾಲೆಯಲ್ಲೂ ಕೇಳಿ, ಅಲ್ಲಿಯೂ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮಗ ಈಗ ಒಂದನೇ ತರಗತಿ. ರಾಜ್ಯದ ಪರೀಕ್ಷೆ ಶುರುವಾಗುವುದೇ ಮೂರನೆಯದರಿಂದ, ಹಾಗಾಗಿ ಆ 64ರಲ್ಲಾಗಲಿ 76ರಲ್ಲಾಗಲಿ ಅವನ ವಯಸ್ಸಿನ ಒಂದು ಮಗುವೂ ಇಲ್ಲ. ಎರಡೂ ಶಾಲೆಗಳ ಹೆಸರನ್ನು ನನಗೆ ಪ್ರತ್ಯೇಕವಾಗಿ ಕಳುಹಿಸಿದರೆ ಕಳೆದ ಆರು ವರ್ಷಗಳ ತರಗತಿವಾರು ದಾಖಲಾತಿಯನ್ನು ತೆಗೆದು ಕೊಡುತ್ತೇನೆ. ಭಾನುವಾರ ಚಿಕ್ಕವನ ಕನ್ನಡ ತರಗತಿ ಮುಗಿಯುವ ತನಕ ಕಾರಿನಲ್ಲಿ ಕುಳಿತಿರುವಾಗ ನನಗೆ ಹೇಗೂ ಒಂದೂವರೆ ಗಂಟೆ ಬಿಡುವಿರುತ್ತದೆ.