ಅಪ್ಪನ ಕೆರೆ ಲೇಖನಗಳಿಗೆ ಯಾವ ಬ್ಲಾಗ್ ತಾಣ ಒಳ್ಳೆಯದು? ಬಳಸಿದವರು ಹೇಳಿ

ಬಸವನಗುಡಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಬೆಂಗಳೂರಿನ ಕೆರೆಗಳ ಬಗ್ಗೆ ಇಪ್ಪತ್ತು ವರ್ಷದಿಂದ ಬರೆಯುತ್ತಾ ಬಂದಿದ್ದಾರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದ್ದು, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಬಂದಿದ್ದು, ಹೀಗೆ ಒಟ್ಟು 63 ಲೇಖನ. ಎಲ್ಲವೂ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಫೈಲುಗಳು. ಅಪ್ಪನಿಗೆ ಈಗ 78. ಅವರು ಕಣ್ಣಾರೆ ನೋಡುವ ಹಾಗೆ ಇವನ್ನೆಲ್ಲ ಒಂದು ಕಡೆ ಹಾಕಬೇಕು ಅಂತ ಆಸೆ.

ಜಾಹೀರಾತು ಬೇಡ. ದೊಡ್ಡ ಕಂಪನಿಯೂ ಬೇಡ ಅನ್ನಿಸಿದೆ. ಒಬ್ಬಿಬ್ಬರು ನಡೆಸುವ ಸಣ್ಣ ತಾಣಗಳನ್ನು ನಂಬಬಹುದಾ? ನನಗೆ ಕೋಡಿಂಗ್ ಬರುವುದಿಲ್ಲ. ವರ್ಷಕ್ಕೆ 2,000 ರೂಪಾಯಿ ತನಕ ಖರ್ಚು ಮಾಡಬಲ್ಲೆ.

ವಿಜಯನಗರದಿಂದ

ನಂಬಬಹುದು ಮೇಡಂ. ಆದರೆ ಬರಹದ ಜಾಲ ವಿಳಾಸವನ್ನು ಮಾತ್ರ ಅವರ ಕೈಗೆ ಕೊಡಬೇಡಿ.

ನಾನು 2010ರಿಂದ ಒಂದು ಉಚಿತ ತಾಣದಲ್ಲಿ ಆರು ವರ್ಷ ಬರೆದೆ. ವಿಳಾಸ ಅವರದೇ ಆಗಿತ್ತು. ಅವರು ಬಾಗಿಲು ಹಾಕಿದಾಗ ಲೇಖನಗಳೇನೋ ಒಂದು ಜಿಪ್ ಫೈಲಿನಲ್ಲಿ ಸಿಕ್ಕವು. ಆದರೆ ಬೇರೆಯವರು ನನ್ನ ಬರಹಕ್ಕೆ ಕೊಟ್ಟಿದ್ದ ಕೊಂಡಿಗಳು ಒಂದೂ ಉಳಿಯಲಿಲ್ಲ. ಓದಿದವರು ಕೆಳಗೆ ಬರೆದ ಮಾತುಗಳೂ ಹೋದವು. ಅದರಲ್ಲಿ ನನ್ನ ಹೈಸ್ಕೂಲ್ ಮೇಷ್ಟ್ರು ಬರೆದದ್ದಿತ್ತು. ಅವರು ಈಗಿಲ್ಲ. ಇವತ್ತಿಗೂ ನೋವಾಗುತ್ತದೆ.

ದುಡ್ಡು ಕೊಟ್ಟರೆ ಉಳಿಯುತ್ತದೆ, ಹಳೆಯದಾದರೆ ಉಳಿಯುತ್ತದೆ ಅಂತೇನೂ ಇಲ್ಲ. ಪೋಸ್ಟರಸ್ ಅನ್ನುವ ಬ್ಲಾಗ್ ತಾಣ 2008ರಲ್ಲಿ ಶುರುವಾಯಿತು. 2012ರಲ್ಲಿ ಟ್ವಿಟರ್ ಅದನ್ನು ಕೊಂಡಿತು, 2013ರ ಏಪ್ರಿಲ್ 30ಕ್ಕೆ ಮುಚ್ಚಿತು. ಟೈಪ್‌ಪ್ಯಾಡ್ 2003ರಿಂದ ಇದ್ದದ್ದು, ಜನ ಹಣ ಕೊಟ್ಟು ಬಳಸುತ್ತಿದ್ದದ್ದು. 2025ರ ಆಗಸ್ಟ್ ಕೊನೆಯಲ್ಲಿ ತಿಳಿಸಿ, ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿಬಿಟ್ಟರು. ಒಂದೇ ತಿಂಗಳ ಸಮಯ.

ಹಾಗಾಗಿ ಮೊದಲು ನಿಮ್ಮದೇ ಒಂದು ಡೊಮೈನ್ ಹೆಸರು, ಅಂದರೆ ಸ್ವಂತ ಜಾಲ ವಿಳಾಸ ಕೊಳ್ಳಿ. ನನ್ನ ಡಾಟ್ ಇನ್ ಹೆಸರಿಗೆ ವರ್ಷಕ್ಕೆ 800 ಚಿಲ್ಲರೆ ಕಟ್ಟುತ್ತೇನೆ. ತಾಣ ಮುಚ್ಚಿದರೆ ಬರಹಗಳನ್ನು ಬೇರೆ ಕಡೆ ಸಾಗಿಸಿ, ಅದೇ ಹೆಸರನ್ನು ಅಲ್ಲಿಗೆ ತಿರುಗಿಸಿದರಾಯಿತು. ಲೇಖನಗಳ ಕೊಂಡಿಯ ಬಾಲವನ್ನೂ, ಅಂದರೆ ಡೊಮೈನ್ ಹೆಸರಿನ ನಂತರ ಬರುವ ಭಾಗವನ್ನೂ, ಹಿಂದಿನ ಹಾಗೇ ಇಟ್ಟರೆ ಓದುಗರಿಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು ಎಕ್ಸ್‌ಪೋರ್ಟ್, ಅಂದರೆ ಹಾಕಿದ ಬರಹಗಳನ್ನೆಲ್ಲ ಫೈಲಾಗಿ ಇಳಿಸಿಕೊಳ್ಳುವುದು. ಸೇರಿದ ದಿನವೇ ಎರಡು ಲೇಖನ ಹಾಕಿ, ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನು ತೆರೆದು ನೋಡಿ. ಕನ್ನಡ ಸರಿಯಾಗಿ ಕಂಡರೆ ಮಾತ್ರ ಮೂರನೆಯದನ್ನು ಹಾಕಿ. ಎಷ್ಟೋ ತಾಣಗಳ ಎಕ್ಸ್‌ಪೋರ್ಟಿನಲ್ಲಿ ಬರಹ ಮಾತ್ರ ಬರುತ್ತದೆ, ಫೋಟೋ ಬರುವುದಿಲ್ಲ. ಅಪ್ಪ ತೆಗೆದ ಕೆರೆಗಳ ಫೋಟೋ ಇದ್ದರೆ ಅವುಗಳ ಒಂದು ಪ್ರತಿ ಮನೆಯಲ್ಲೇ ಇರಲಿ.

ತಾಣಗಳ ಹೆಸರು ಕೇಳಿದಿರಿ ಅಲ್ವಾ? ನಾನೀಗ ಬೇರ್ ಬ್ಲಾಗಿನಲ್ಲಿದ್ದೇನೆ. ದಕ್ಷಿಣ ಆಫ್ರಿಕಾದ ಹರ್ಮನ್ ಮಾರ್ಟಿನಸ್ 2020ರಲ್ಲಿ ಶುರು ಮಾಡಿದ್ದು. ಜಾಹೀರಾತಿಲ್ಲ, ಓದುಗರ ಬೆನ್ನು ಹತ್ತುವ ಟ್ರ್ಯಾಕರ್‌ಗಳಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲೂ ಪುಟ ತಕ್ಷಣ ತೆರೆಯುತ್ತದೆ. ಉಚಿತವಾಗಿ ಬರೆಯಬಹುದು. ಆದರೆ ಸ್ವಂತ ಡೊಮೈನ್ ಜೋಡಿಸಲು, ಫೋಟೋ ಏರಿಸಲು ಹಣ ಕಟ್ಟಬೇಕು. ಅದು ನಿಮ್ಮ 2,000ವನ್ನು ಮೀರುತ್ತದೆ. ನಿಮಗೆ ಮಟರೋವಾ ಸಾಕು ಅನ್ನಿಸುತ್ತದೆ. ಅದು ಇನ್ನೂ ಸರಳ. ಸ್ವಂತ ಡೊಮೈನ್ ಜೋಡಿಸಲು ವರ್ಷಕ್ಕೆ 9 ಡಾಲರ್, ಅಂದರೆ ಸಾವಿರ ರೂಪಾಯಿಯ ಒಳಗೆ. ಬೇಕೆಂದು ಕೇಳಿದರೆ ನಿಮ್ಮ ಬರಹಗಳ ಪ್ರತಿಯನ್ನು ತಿಂಗಳಿಗೊಮ್ಮೆ ಮೇಲ್‌ನಲ್ಲಿ ಕಳಿಸುತ್ತಾರೆ. ಈ ಒಂದು ಸೌಲಭ್ಯಕ್ಕೇ ನಾನು ಅದನ್ನು ನಾಲ್ಕು ಜನರಿಗೆ ಹೇಳಿದ್ದೇನೆ.

ಮಲ್ಲೇಶ್ವರದಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಮುಖ್ಯ ಕೆಲಸ ಇರುವುದು ನುಡಿ ಫೈಲುಗಳಲ್ಲಿ. ಹಳೆಯ ‘ನುಡಿ’, ಹಳೆಯ ‘ಬರಹ’ ತಂತ್ರಾಂಶ ಎರಡೂ ಆಸ್ಕಿ ಫಾಂಟಿನವು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊದಲು ಯುನಿಕೋಡಿಗೆ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಸಂಕೇತಕ್ಕೆ ಬದಲಿಸಿ. ಉಚಿತ ಪರಿವರ್ತಕಗಳು ಇವೆ.

ನಾನು ನಮ್ಮ ತಾತನ ದಿನಚರಿಯನ್ನು ಹೀಗೆ ಬದಲಿಸಿದ್ದೇನೆ, 140 ಪುಟ. ತಪ್ಪುಗಳು ಎಲ್ಲಿ ನುಸುಳುತ್ತವೆ ಅಂತ ಹೇಳುತ್ತೇನೆ. ಅರ್ಕಾವೊತ್ತು ನೋಡಿ. ‘ಧರ್ಮ’ ಬರೆಯುವಾಗ ಹಳೆಯ ಫಾಂಟಿನಲ್ಲಿ ಮ ಮೊದಲು, ಅರ್ಕಾವೊತ್ತು ಆಮೇಲೆ, ಕಣ್ಣಿಗೆ ಕಾಣುವ ಕ್ರಮದಲ್ಲೇ ಇರುತ್ತದೆ. ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅಲ್ಲಲ್ಲಿ ಎಡವುತ್ತದೆ. ಇನ್ನೊಂದು, ‘ಸಾಫ್ಟ್‌ವೇರ್’ ಅನ್ನುವುದು ‘ಸಾಫ್ಟ್ವೇರ್’ ಆಗಿಬಿಡುತ್ತದೆ. ನಡುವೆ ಒಂದು ಕಾಣದ ಗುರುತು ಇರುತ್ತದೆ, ಅದು ಬಿದ್ದುಹೋದರೆ ಹೀಗಾಗುತ್ತದೆ. ಒಂದು ತಾಣದಲ್ಲಿ ನಾನು ಸರಿ ಮಾಡಿ ಹಾಕಿದರೂ ಉಳಿಸುವಾಗ ಅದು ಆ ಗುರುತನ್ನು ಅಳಿಸುತ್ತಿತ್ತು. ಮೂರು ಸಲ ತಿದ್ದಿ, ಬಿಟ್ಟು ಬಂದೆ.

ಆಮೇಲೆ ಥೀಮ್, ಅಂದರೆ ಪುಟದ ಸಿದ್ಧ ವಿನ್ಯಾಸ. ಇಂಗ್ಲಿಷಿಗೆ ಮಾಡಿದ ಥೀಮಿನಲ್ಲಿ ಸಾಲುಗಳು ತೀರಾ ಒತ್ತೊತ್ತಾಗಿರುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಶೀರ್ಷಿಕೆಯಲ್ಲಿ ಬುಡವೇ ಕತ್ತರಿಸಿಹೋಗುವುದೂ ಉಂಟು. ಸಾಲಿನ ಅಂತರ ಹೆಚ್ಚಿಸಲು ಬಿಡುತ್ತಾರಾ ನೋಡಿ. ಬಿಡದಿದ್ದರೆ ಬೇರೆ ತಾಣ ಹುಡುಕಿ. 78 ವರ್ಷದ ಕಣ್ಣಿಗೆ ಅದು ತುಂಬಾ ಮುಖ್ಯ. ನೋಟೊ ಸೆರಿಫ್ ಕನ್ನಡ ಫಾಂಟ್ ದೊಡ್ಡ ಗಾತ್ರದಲ್ಲಿ ಇಟ್ಟರೆ ಓದಲು ಹಿತ.

ಕೊಂಡಿಯ ವಿಷಯ ಯಾರೂ ಹೇಳುವುದಿಲ್ಲ. ಶೀರ್ಷಿಕೆ ಕನ್ನಡದಲ್ಲಿದ್ದರೆ ಕೆಲವು ತಾಣಗಳು ಅದನ್ನೇ ಕೊಂಡಿಗೆ ಸೇರಿಸುತ್ತವೆ. ಅದನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಒಂದೊಂದು ಅಕ್ಷರ, ಒಂದೊಂದು ಕೊಂಬು, ಒಂದೊಂದು ಸೊನ್ನೆಗೂ ಒಂಬತ್ತು ಚಿಹ್ನೆ ಬರುತ್ತವೆ. ‘ಧರ್ಮಾಂಬುಧಿ’ ಎಂಬ ಒಂದೇ ಪದಕ್ಕೆ 90 ಚಿಹ್ನೆ. ವಾಟ್ಸಾಪಿನಲ್ಲಿ ಕಳಿಸಿದರೆ ನೆಂಟರು ಏನೋ ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಪ್ರತಿ ಲೇಖನಕ್ಕೂ ಕೊಂಡಿಯ ಹೆಸರನ್ನು ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ.

ಯಲಹಂಕದಿಂದ

ನನ್ನದು ಬೇರೆ ಅಭಿಪ್ರಾಯ. ಬ್ಲಾಗರ್ ಅನ್ನುವ ತಾಣ 1999ರಲ್ಲಿ ಶುರುವಾಗಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು, ಇನ್ನೂ ನಡೆಯುತ್ತಿದೆ. ನನ್ನ 2007ರ ಬರಹಗಳು ಹಾಗೇ ಇವೆ, ಒಂದು ರೂಪಾಯಿ ಕೊಟ್ಟಿಲ್ಲ. ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಬಿಡಬೇಡಿ. ಸ್ವಂತ ಡೊಮೈನ್ ಅದಕ್ಕೂ ಜೋಡಿಸಬಹುದು.

ರಾಜಾಜಿನಗರದಿಂದ

ಹಣ ಕಟ್ಟುವ ಬಗ್ಗೆ ಒಂದು ಮಾತು. ವಿದೇಶದ ತಾಣಗಳಿಗೆ ಕಾರ್ಡೇ ಬೇಕು, ಹೆಚ್ಚಿನವು ಯುಪಿಐ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಆಗಿದೆಯಾ ನೋಡಿ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾದ ಮೇಲೆ, ವರ್ಷವರ್ಷ ತಾನಾಗಿ ಹಣ ಕಡಿತವಾಗುವುದನ್ನು ನಂಬುವ ಹಾಗಿಲ್ಲ. ನನ್ನ ಡೊಮೈನ್ ಹೀಗೇ ನವೀಕರಣ ಆಗದೆ ಉಳಿಯಿತು. ಎಚ್ಚರಿಕೆಯ ಮೇಲ್ ಹಳೆಯ ವಿಳಾಸಕ್ಕೆ ಹೋಗಿತ್ತು. ನಾನು ನೋಡುವ ಹೊತ್ತಿಗೆ ಬೇರೆ ಯಾರೋ ಕೊಂಡಿದ್ದರು. ಒಂಬತ್ತು ವರ್ಷದ ವಿಳಾಸ. ಈಗ ಅಲ್ಲಿ ಜೂಜಿನ ಜಾಹೀರಾತು ಕಾಣುತ್ತದೆ. ಡೊಮೈನ್ ಹೆಸರನ್ನು ಒಮ್ಮೆಗೆ ಹತ್ತು ವರ್ಷದ ತನಕ ಕೊಳ್ಳಬಹುದು. ಕೈಲಿದ್ದರೆ ಐದು ವರ್ಷಕ್ಕಾದರೂ ಕಟ್ಟಿಬಿಡಿ.

ಗವಿಪುರದಿಂದ

ಕೇಳುವುದು ಕಷ್ಟದ ವಿಷಯ, ಆದರೂ ಹೇಳಲೇಬೇಕು. ಖಾತೆಯನ್ನು ಅಪ್ಪನ ಫೋನ್ ನಂಬರಿಗೆ ಮಾತ್ರ ಜೋಡಿಸಬೇಡಿ. ನಮ್ಮ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಸಿಮ್ ನಿಂತುಹೋಯಿತು. ಒಟಿಪಿ ಬರುವ ದಾರಿಯೇ ಇಲ್ಲ. ಬರಹಗಳು ಕಾಣುತ್ತವೆ, ಆದರೆ ಒಂದು ಕಾಗುಣಿತದ ತಪ್ಪನ್ನೂ ನಾವು ತಿದ್ದಲಾರೆವು. ಮನೆಯಲ್ಲಿ ಇಬ್ಬರಿಗೆ ಪಾಸ್‌ವರ್ಡ್ ಗೊತ್ತಿರಲಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

ಬಸವನಗುಡಿಯಿಂದ, ಎರಡು ವಾರದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಡೊಮೈನ್ ಐದು ವರ್ಷಕ್ಕೆ ಕೊಂಡೆ, ನನ್ನ ಮತ್ತು ತಮ್ಮನ ಮೇಲ್ ಎರಡನ್ನೂ ಕೊಟ್ಟಿದ್ದೇನೆ. ಮಟರೋವಾದಲ್ಲಿ ಎರಡು ಲೇಖನ ಹಾಕಿ ಎಕ್ಸ್‌ಪೋರ್ಟ್ ಮಾಡಿ ನೋಡಿದೆ, ಕನ್ನಡ ಸರಿಯಾಗಿ ಬಂತು. ಈಗ ಹನ್ನೊಂದು ಲೇಖನ ಏರಿವೆ. ಇನ್ನು 52 ಬಾಕಿ.

ನಿನ್ನೆ ಸಂಜೆ ಅಪ್ಪನಿಗೆ ಟ್ಯಾಬ್‌ನಲ್ಲಿ ಧರ್ಮಾಂಬುಧಿ ಲೇಖನ ತೋರಿಸಿದೆ. ಕನ್ನಡಕ ಹಾಕಿಕೊಂಡು ಕೊನೆಯ ತನಕ ಓದಿದರು. ಆಮೇಲೆ ಪೆನ್ನು ಕೇಳಿದರು. ಮೂರು ತಪ್ಪು ಗುರುತು ಹಾಕಿಕೊಟ್ಟಿದ್ದಾರೆ, ಮೂರೂ ಅರ್ಕಾವೊತ್ತಿನವು.