ಪ್ರಶ್ನೋತ್ತರ: ಬಿಲ್ಡರ್ ತಿಂಗಳ ರಿಟರ್ನ್ ನಿಲ್ಲಿಸಿದ್ದಾನೆ, ಈಗೇನು ಮಾಡೋದು?

ಅಡ್ಮಿನ್: ಈ ವಾರದ ವಿಷಯ ಅಶ್ಯೂರ್ಡ್ ರಿಟರ್ನ್. ಅಂಗಡಿ, ಆಫೀಸ್ ಜಾಗ, ಫ್ಲಾಟ್ ಕೊಂಡರೆ ತಿಂಗಳು ತಿಂಗಳು ಇಷ್ಟು ಕೊಡ್ತೀವಿ ಅಂದವರು ದುಡ್ಡು ನಿಲ್ಲಿಸಿದರೆ ಕಾನೂನಿನಲ್ಲಿ ಏನಿದೆ ಅಂತ ಕೇಳಿ. ನಮ್ಮ ಗುಂಪಿನ ವಕೀಲರು ಬೆಂಗಳೂರಿನಲ್ಲಿ ಸಿವಿಲ್, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಕೇಸು ನಡೆಸುವವರು. ಕೋರ್ಟ್ ಮುಗಿಸಿ ಬಂದು ಬಿಡುವಾದಾಗ ಉತ್ತರಿಸುತ್ತಾರೆ. ಕಂಪನಿ ಹೆಸರು, ಫೋನ್ ನಂಬರ್ ಯಾರೂ ಹಾಕಬೇಡಿ. ಫಾರ್ವರ್ಡ್ ಬೇಡ.

ಹೆಬ್ಬಾಳದವರು: ಸರ್, ಮಾಲ್‌ನಲ್ಲಿ ಒಂದು ಅಂಗಡಿ ಬುಕ್ ಮಾಡಿದ್ದೆ, 12 ಪರ್ಸೆಂಟ್ ಅಂದಿದ್ದರು. ಒಂದು ವರ್ಷದಿಂದ ಏನೂ ಬಂದಿಲ್ಲ. ರೇರಾಗೆ ಹೋಗಬಹುದಾ?

ವಕೀಲರು: ಹೋಗಬಹುದು. ಜಾಗ ಹೇಳಿದ ದಿನಕ್ಕೆ ಕೊಟ್ಟಿಲ್ಲ ಅಂದರೆ 18ನೇ ಸೆಕ್ಷನ್‌ನಲ್ಲಿ ಹಣ ಬಡ್ಡಿ ಸಮೇತ ವಾಪಸ್ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಬಡ್ಡಿ ಎಸ್‌ಬಿಐ ಎಂಸಿಎಲ್‌ಆರ್ (ಬ್ಯಾಂಕಿನ ಮೂಲ ಸಾಲದ ಬಡ್ಡಿದರ) ಮೇಲೆ 2 ಪರ್ಸೆಂಟ್. ನಿಮಗೆ ಹೇಳಿದ 12 ಅಲ್ಲ. ತಿಂಗಳ ರಿಟರ್ನ್ ಬಾಕಿಯನ್ನೂ ರೇರಾ ಕೊಡಿಸುತ್ತದಾ ಅನ್ನುವುದು ಬೇರೆ ಪ್ರಶ್ನೆ. ಹರಿಯಾಣ ರೇರಾ ಮೊದಲು 2018ರಲ್ಲಿ ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದಿತ್ತು, 2021ರಲ್ಲಿ ಬರುತ್ತದೆ ಅಂದಿತು. ಅದು ಹರಿಯಾಣ. ಇಲ್ಲಿ ಆ ಆದೇಶ ತೋರಿಸಿ ವಾದ ಮಾಡಬಹುದು, ಅಷ್ಟೇ.

ತುಮಕೂರು ಎಕ್ಸ್‌ಪ್ರೆಸ್: ನಮಸ್ತೆ ಸರ್, ನನ್ನದೂ ಅಂಗಡಿ. ರೇರಾ ಆಗುತ್ತಾ?

ವಕೀಲರು: ಮೇಲಿನ ಉತ್ತರ ನೋಡಿ.

ಶಿವಮೊಗ್ಗದ ಮಗಳು: ಸರ್, ಅಪ್ಪನ ಪರವಾಗಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ. ಅಪ್ಪ ನಿವೃತ್ತಿಯಾದ ಮೇಲೆ 2021ರಲ್ಲಿ ಬೆಂಗಳೂರು ಏರ್‌ಪೋರ್ಟ್ ಕಡೆ ಒಂದು ಕಟ್ಟಡದಲ್ಲಿ 450 ಚದರ ಅಡಿ ಆಫೀಸ್ ಜಾಗಕ್ಕೆ 36 ಲಕ್ಷ ಆರ್‌ಟಿಜಿಎಸ್ ಮಾಡಿದರು. ಎಂಒಯು (ಒಪ್ಪಂದ ಪತ್ರ) ಮಾತ್ರ ಇದೆ, ರಿಜಿಸ್ಟರ್ ಆಗಿಲ್ಲ. ತಿಂಗಳಿಗೆ 36 ಸಾವಿರ, ಟಿಡಿಎಸ್ ಹಿಡಿದು ಕೊಡುತ್ತಿದ್ದರು. 2023ರ ಮೇ ತನಕ ಬಂತು, ಆಮೇಲೆ ನಿಂತಿತು. ಹೋಗಿ ಗಲಾಟೆ ಮಾಡಿದ ಮೇಲೆ ಕಳೆದ ಅಕ್ಟೋಬರ್‌ನಲ್ಲಿ 6 ಚೆಕ್ ಕೊಟ್ಟರು, ಒಂದೊಂದೂ 1.5 ಲಕ್ಷ. ನವೆಂಬರ್ 10ರಿಂದ ಏಪ್ರಿಲ್ 10ರವರೆಗೆ ಪ್ರತಿ ತಿಂಗಳ ತಾರೀಖು. ಮೊದಲನೆಯದು ಬೌನ್ಸ್ ಆಯಿತು. ಮಾರಿಸಿದ ಏಜೆಂಟ್ ಫೋನ್ ಮಾಡಿ ಉಳಿದದ್ದನ್ನು ಬ್ಯಾಂಕಿಗೆ ಹಾಕಬೇಡಿ, ಸೆಟಲ್‌ಮೆಂಟ್ ಬರ್ತಿದೆ ಅಂದ. ಈಗ ಪತ್ರ ಬಂದಿದೆ. ಜನವರಿ 31ರೊಳಗೆ ಒರಿಜಿನಲ್ ಎಂಒಯು, ಎಲ್ಲ ಚೆಕ್ ವಾಪಸ್ ಕೊಟ್ಟರೆ ಚಿಕ್ಕಬಳ್ಳಾಪುರ ಕಡೆ ಒಂದು ಫಾರ್ಮ್ ಪ್ಲಾಟ್ ಕೊಡುತ್ತಾರಂತೆ, ಬಾಕಿ ಹಣಕ್ಕೆ ಅವರದೇ ಇನ್ನೊಂದು ಕಂಪನಿಯ ಷೇರು. ಅಪ್ಪ ಸಹಿ ಹಾಕಿಬಿಡೋಣ ಅಂತಿದ್ದಾರೆ. ಏನು ಮಾಡಲಿ?

ಬಸವನಗುಡಿ ಅಂಕಲ್: ಬ್ಯಾಂಕು 6 ಕೊಡುವಾಗ ಇವರು 12 ಹೇಗೆ ಕೊಡ್ತಾರೆ ಅಂತ ಯಾರೂ ಕೇಳಲ್ಲ. ಆಮೇಲೆ ಇಲ್ಲಿ ಬಂದು ಅಳೋದು.

ಕೆಂಗೇರಿ ಟೆಕ್ಕಿ: ಅಂಕಲ್, ಅವರು ಕೇಳಿದ್ದು ನಿಮ್ಮನ್ನಲ್ಲ.

ವಕೀಲರು: ಶಿವಮೊಗ್ಗದವರೇ, ಅಪ್ಪನಿಗೆ ಈಗಲೇ ಫೋನ್ ಮಾಡಿ. ಸಹಿ ಬೇಡ, ಒರಿಜಿನಲ್ ಬೇಡ, ಚೆಕ್ ವಾಪಸ್ ಅಂತೂ ಬೇಡವೇ ಬೇಡ. ಉಳಿದದ್ದು ರಾತ್ರಿ ಕೂತು ಬರೆಯುತ್ತೇನೆ.

ದೋಹಾ ಕನ್ನಡಿಗ: ಸರ್, ನಾನು ಕತಾರ್‌ನಲ್ಲಿದ್ದೇನೆ. ತಮ್ಮನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಅವನು ಕೇಸ್ ಹಾಕಬಹುದಾ?

ವಕೀಲರು: ಹಾಕಬಹುದು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅಟೆಸ್ಟ್ ಮಾಡಿಸಿ ಕಳಿಸಿ. ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಿ.

ಮೈಸೂರು ಪಾಕ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ. "ಸುಪ್ರೀಂ ಕೋರ್ಟ್ ಐತಿಹಾಸಿಕ ತೀರ್ಪು! ಬಿಲ್ಡರ್ ಮಾತು ತಪ್ಪಿದರೆ ಗ್ರಾಹಕರು ಇಎಂಐ ಕಟ್ಟಬೇಕಾಗಿಲ್ಲ! ಪ್ರಧಾನಿ ಕಚೇರಿಗೆ ಈ ಪತ್ರ ಕಳಿಸಿ, 30 ದಿನದಲ್ಲಿ 18% ಬಡ್ಡಿ ಸಮೇತ ಹಣ ವಾಪಸ್!"

ಕೆಂಗೇರಿ ಟೆಕ್ಕಿ: ಇದು ನಿಜಾನಾ ಸರ್? ನನ್ನದು ಸಬ್‌ವೆನ್ಷನ್ ಕೇಸ್. ಫ್ಲಾಟ್ ಕೈಗೆ ಬರುವ ತನಕ ಪ್ರಿ ಇಎಂಐ (ಸಾಲದ ಬಡ್ಡಿ ಮಾತ್ರದ ಕಂತು) ಬಿಲ್ಡರ್ ಕಟ್ಟಬೇಕಿತ್ತು. ನಿಲ್ಲಿಸಿಬಿಟ್ಟ, ಬ್ಯಾಂಕ್‌ನವರು ನನಗೆ ಫೋನ್ ಮಾಡ್ತಿದ್ದಾರೆ. ನಾನೂ ನಿಲ್ಲಿಸಿಬಿಡಲಾ?

ವಕೀಲರು: ನಿಲ್ಲಿಸಬೇಡಿ. ಸಾಲದ ಪತ್ರಕ್ಕೆ ಸಹಿ ಹಾಕಿದ್ದು ನೀವು, ಬಿಲ್ಡರ್ ಅಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲಿನ ಕೆಲವು ಖರೀದಿದಾರರಿಗೆ ಮಧ್ಯಂತರ ರಕ್ಷಣೆ ಕೊಟ್ಟಿದ್ದು ಹೌದು. 2025ರಲ್ಲಿ ಬಿಲ್ಡರ್ ಮತ್ತು ಬ್ಯಾಂಕ್‌ಗಳ ಹೊಂದಾಣಿಕೆ ಬಗ್ಗೆ ಸಿಬಿಐ ತನಿಖೆಗೆ ಹೇಳಿದ್ದೂ ಹೌದು. ಅದರಿಂದ ಕೆಂಗೇರಿಯಲ್ಲಿ ಕೂತವರ ಇಎಂಐ ಮನ್ನಾ ಆಗಲ್ಲ. ನಿಲ್ಲಿಸಿದರೆ ಸಿಬಿಲ್ ಹೋಗುತ್ತದೆ, ಮುಂದೆ ಸರ್ಫೇಸಿ ನೋಟಿಸ್ (ಬ್ಯಾಂಕ್ ಆಸ್ತಿ ವಶಕ್ಕೆ ತಗೊಳ್ಳುವ ಮುಂಚಿನದು) ಬರುತ್ತದೆ. ಕಟ್ಟುತ್ತಾ ರೇರಾಗೆ ಹೋಗಿ, ಬ್ಯಾಂಕನ್ನೂ ಪಾರ್ಟಿ ಮಾಡಿ. ನೀವು ಕಟ್ಟಿದ ಬಡ್ಡಿಯನ್ನೂ ಲೆಕ್ಕ ಹಾಕಿ ಕೇಳಿ.

ಮೈಸೂರು ಪಾಕದವರೇ, ಯಾವ ಕೇಸು, ಯಾವ ದಿನ, ಯಾವ ಕೋರ್ಟು ಅಂತ ಇಲ್ಲದ ತೀರ್ಪನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಇಂಥದ್ದನ್ನು ನಂಬಿ ಕಂತು ನಿಲ್ಲಿಸಿದವರು ಆಮೇಲೆ ನಮ್ಮ ಆಫೀಸಿಗೇ ಬರೋದು.

ಮೈಸೂರು ಪಾಕ: ಒಳ್ಳೇದಾಗಲಿ ಅಂತ ಹಾಕಿದೆ ಸರ್. ಅಷ್ಟಕ್ಕೆ ಹೀಗೆ ಮಾತಾಡಬೇಕಾ?

ರಾಮನಗರ ರೇಷ್ಮೆ: ಸರ್, ನನ್ನ ಕೇಸಲ್ಲಿ 20 ಲಕ್ಷ ಚೆಕ್, 15 ಲಕ್ಷ ಕ್ಯಾಶ್ ಕೊಟ್ಟಿದ್ದೇನೆ, ರಸೀದಿ ಇಲ್ಲ.

ವಕೀಲರು: ಇದನ್ನು ಅಳಿಸಿ. ಈಗಲೇ.

ವಕೀಲರು: ಶಿವಮೊಗ್ಗದ ಕೇಸಿಗೆ ಬರುತ್ತೇನೆ. ಉದ್ದ ಆಗುತ್ತದೆ, ಆದರೆ ಇಂಥ ಸೆಟಲ್‌ಮೆಂಟ್ ಪತ್ರ ಬಂದವರು ಇಲ್ಲಿ ಇನ್ನೂ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಚೆಕ್. ಕಂಪನಿಗೆ ಈ ಚೆಕ್‌ಗಳು ಯಾಕೆ ಅಷ್ಟು ಬೇಕು ಅಂತ ಯೋಚನೆ ಮಾಡಿ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು ಅಂತಿಟ್ಟುಕೊಳ್ಳಿ. ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ಅರ್ಜಿ ಅಡ್ಮಿಟ್ ಮಾಡಿದ ದಿನದಿಂದ ಮೊರಟೋರಿಯಂ. ಕಂಪನಿ ಮೇಲಿನ ಕೇಸೆಲ್ಲ ನಿಲ್ಲುತ್ತದೆ, ಸಿವಿಲ್ಲು, ರೇರಾ, ಚೆಕ್ ಬೌನ್ಸ್ ಎಲ್ಲ. ಆದರೆ ಚೆಕ್ಕಿಗೆ ಸಹಿ ಹಾಕಿದ ಡೈರೆಕ್ಟರ್ ಮೇಲಿನ 138 ಕೇಸು (ಚೆಕ್ ಬೌನ್ಸ್ ಕ್ರಿಮಿನಲ್ ಕೇಸು) ನಿಲ್ಲಲ್ಲ. 2021ರಲ್ಲಿ ಪಿ. ಮೋಹನ್‌ರಾಜ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅದಕ್ಕೆ ಒಂದು ಕೊಕ್ಕೆಯೂ ಇದೆ. 2025ರಲ್ಲಿ ವಿಷ್ಣೂ ಮಿತ್ತಲ್ ಕೇಸಿನಲ್ಲಿ, ನೋಟಿಸಿನ 15 ದಿನ ಮುಗಿಯುವುದರೊಳಗೆ ಮೊರಟೋರಿಯಂ ಶುರುವಾಗಿಬಿಟ್ಟಿದ್ದರೆ ಡೈರೆಕ್ಟರ್ ಮೇಲೂ ಕೇಸು ನಡೆಯಲ್ಲ ಅಂದಿದೆ. ಅಂದರೆ ಓಡಬೇಕಾದವರು ನೀವು. ಸುಮ್ನೆ ಕಾಯುತ್ತಾ ಕೂತರೆ ಲಾಭ ಅವರಿಗೆ.

ಚೆಕ್ಕಿನ ಆಯಸ್ಸು ತಾರೀಖಿನಿಂದ 3 ತಿಂಗಳು. ಬೌನ್ಸ್ ಆದ ಮೆಮೊ ಕೈಗೆ ಬಂದ 30 ದಿನದಲ್ಲಿ ನೋಟಿಸ್, ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ, ಅದಾದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನವೆಂಬರ್ ಚೆಕ್ಕಿಗೆ ನೀವು ನೋಟಿಸ್ ಕಳಿಸಿಲ್ಲ, ಆ 30 ದಿನ ಹೋಯಿತು. ಆದರೆ ಅದೇ ಚೆಕ್ಕನ್ನು ಆಯಸ್ಸು ಇರುವಾಗ ಇನ್ನೊಮ್ಮೆ ಹಾಕಬಹುದು, ಮತ್ತೆ ಬೌನ್ಸ್ ಆದರೆ ಹೊಸದಾಗಿ ನೋಟಿಸ್ ಕೊಡಬಹುದು. ಫೆಬ್ರುವರಿ ಮೊದಲ ವಾರದ ತನಕ ಕಾಯಬೇಡಿ, ನಾಳೆಯೇ ನವೆಂಬರ್, ಡಿಸೆಂಬರ್, ಜನವರಿ ಮೂರನ್ನೂ ಹಾಕಿ. ಇನ್ನೊಂದು ಸಂಗತಿ, ಅಪ್ಪನ ಅಕೌಂಟ್ ಶಿವಮೊಗ್ಗದ ಬ್ರಾಂಚಿನಲ್ಲಿದ್ದರೆ ಕೇಸು ಶಿವಮೊಗ್ಗದಲ್ಲೇ ಹಾಕಬಹುದು. 2015ರ ತಿದ್ದುಪಡಿ ಆದ ಮೇಲೆ ಹಣ ಪಡೆಯಬೇಕಾದವರ ಬ್ರಾಂಚ್ ಎಲ್ಲಿದೆಯೋ ಅಲ್ಲಿನ ಕೋರ್ಟು. ಡೈರೆಕ್ಟರ್ ಸಾಹೇಬರು ಅಲ್ಲಿಗೆ ಬರಲಿ.

ಎರಡನೆಯದು ಲಿಮಿಟೇಷನ್, ಅಂದರೆ ಕೇಸು ಹಾಕುವ ಗಡುವು. ಬಾಕಿ ಹಣದ ಸಿವಿಲ್ ದಾವೆಗೆ 3 ವರ್ಷ. ಪ್ರತಿ ತಿಂಗಳ ಬಾಕಿಗೂ ಬೇರೆ ಬೇರೆ ಲೆಕ್ಕ. ನಿಮ್ಮದು 2023ರ ಜೂನ್‌ನಿಂದ ಬಂದಿಲ್ಲ, ಹಾಗಾಗಿ ಈ ಜೂನ್‌ನಿಂದ ಒಂದೊಂದೇ ತಿಂಗಳು ಕಳಚಿಕೊಳ್ಳುತ್ತಾ ಹೋಗುತ್ತದೆ. ಆದರೆ ಆ ಸೆಟಲ್‌ಮೆಂಟ್ ಪತ್ರದಲ್ಲಿ ಬಾಕಿ ಇಷ್ಟು ಅಂತ ಅವರೇ ಬರೆದು ಡೈರೆಕ್ಟರ್ ಸಹಿ ಹಾಕಿದ್ದಾರಾ ನೋಡಿ. ಹಾಕಿದ್ದರೆ ಅದು ಸಾಲ ಒಪ್ಪಿಕೊಂಡ ಹಾಗೆ, ಆ ದಿನದಿಂದ ಹೊಸ 3 ವರ್ಷ. ಕವರ್ ಸಮೇತ ಎತ್ತಿಡಿ. ಇಮೇಲ್‌ನಲ್ಲಿ ಬಂದಿದ್ದರೆ ಅಳಿಸಬೇಡಿ.

ಮೂರನೆಯದೇ ನನಗೆ ಜಾಸ್ತಿ ಚಿಂತೆ. ಎಂಒಯು ಪ್ರಕಾರ ಅಪ್ಪ ಜಾಗ ಕೊಂಡವರಾ, ದುಡ್ಡು ಕೊಟ್ಟು ಬಡ್ಡಿ ತಗೊಳ್ಳುವವರಾ? ಎಲ್ಲ ಅದರ ಮೇಲೆ ನಿಂತಿದೆ. 2017ರಲ್ಲಿ ನಿಖಿಲ್ ಮೆಹ್ತಾ ಕೇಸಿನಲ್ಲಿ ಎನ್‌ಸಿಎಲ್‌ಎಟಿ (ಆ ಮಂಡಳಿಯ ಮೇಲ್ಮನವಿ ಮಂಡಳಿ), ಇಂಥ ಖರೀದಿದಾರರು ಫೈನಾನ್ಷಿಯಲ್ ಕ್ರೆಡಿಟರ್ಸ್ (ದಿವಾಳಿ ಅರ್ಜಿ ಹಾಕಬಲ್ಲ ಸಾಲದಾತರು) ಅಂದಿತು. ಆಗ ಕೈ ಹಿಡಿದಿದ್ದು ಕಂಪನಿಯದೇ ಲೆಕ್ಕಪತ್ರ. ಟಿಡಿಎಸ್ಸನ್ನು ಬಡ್ಡಿ ಅಂತ ಹಿಡಿದಿದ್ದರು. ಆದ್ದರಿಂದ ಅಪ್ಪನ 26ಎಎಸ್ (ಟಿಡಿಎಸ್ ವಿವರದ ಪಟ್ಟಿ) ಡೌನ್‌ಲೋಡ್ ಮಾಡಿ, 194ಎ (ಬಡ್ಡಿ ಮೇಲಿನ ಟಿಡಿಎಸ್ ಸೆಕ್ಷನ್) ಅಂತ ಇದೆಯಾ ನೋಡಿ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಮಾನ್ಸಿ ಬ್ರಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಾಗಿಲನ್ನು ಕಿರಿದು ಮಾಡಿದೆ. ಮನೆ ಬೇಕು ಅಂತ ಬಂದವರು ಬೇರೆ, ಬೈಬ್ಯಾಕ್ (ಬಿಲ್ಡರೇ ವಾಪಸ್ ಕೊಳ್ಳುವುದು), ಖಚಿತ ಲಾಭ ಅಂತ ಬಂದವರು ಬೇರೆ. ಎರಡನೆಯವರು ದಿವಾಳಿ ಅರ್ಜಿ ಹಾಕುವ ಹಾಗಿಲ್ಲ, ರೇರಾ, ಗ್ರಾಹಕ ಆಯೋಗ, ಸಿವಿಲ್ ಕೋರ್ಟ್ ನೋಡಿಕೊಳ್ಳಲಿ ಅಂದಿದೆ. ಹೇಗೂ ಒಬ್ಬರೇ ಆ ಅರ್ಜಿ ಹಾಕಲಾಗದು, ಒಂದೇ ಪ್ರಾಜೆಕ್ಟಿನ 100 ಜನ ಅಥವಾ 10 ಪರ್ಸೆಂಟ್ ಜನ ಬೇಕು.

ಈಗ ಆ ಆಫರ್ ನೋಡಿ. ಸಹಿ ಹಾಕಿದ ಮರುಕ್ಷಣ ಅಪ್ಪ ಆ ಕಟ್ಟಡದ ಖರೀದಿದಾರರಲ್ಲ, ಚೆಕ್ ಇಟ್ಟುಕೊಂಡವರೂ ಅಲ್ಲ. ಇನ್ನೊಂದು ಕಂಪನಿಯ ಷೇರುದಾರರು. ದಿವಾಳಿಯಲ್ಲಿ ಷೇರುದಾರರ ಸರದಿ ಎಲ್ಲರದೂ ಮುಗಿದ ಮೇಲೆ. ಆ ಫಾರ್ಮ್ ಪ್ಲಾಟ್ ಕೃಷಿ ಜಮೀನಾ, ಕನ್ವರ್ಷನ್ ಆಗಿದೆಯಾ, ಯಾರ ಹೆಸರಲ್ಲಿದೆ? ಸರ್ವೆ ನಂಬರ್ ಕೇಳಿ ಪಹಣಿ, ಇಸಿ (ಋಣಭಾರ ಪತ್ರ) ತೆಗೆಸಿ. ಕೊಡಲ್ಲ ಅಂದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ಪೊಲೀಸರ ಹತ್ತಿರ ಹೋದರೆ ಇದು ಸಿವಿಲ್ ಅಂತಾರೆ, ರೆಡಿಯಾಗಿರಿ. ತುಂಬಾ ಜನರಿಂದ ಹೀಗೆ ತಗೊಂಡಿದ್ದರೆ ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಬೆಂಗಳೂರಿನ ಐಎಂಎ ಹೂಡಿಕೆ ಹಗರಣದಲ್ಲಿ ಬಳಸಿದ್ದು ಅದನ್ನೇ. ಆಸ್ತಿ ಜಪ್ತಿಗೆ ಅವಕಾಶ ಇದೆ. 2019ರ ಬಡ್ಸ್ (ಅನಿಯಂತ್ರಿತ ಠೇವಣಿ ಯೋಜನೆ ನಿಷೇಧ) ಕಾಯ್ದೆಯೂ ಇದೆ, ಆದರೆ ಆಸ್ತಿಗೆ ಅಂತ ಕೊಟ್ಟು ಆಸ್ತಿಗೇ ಹೊಂದಿಸಿಕೊಳ್ಳುವ ಅಡ್ವಾನ್ಸನ್ನು ಅದು ಠೇವಣಿ ಅನ್ನಲ್ಲ. ಮತ್ತೆ ಎಂಒಯು ಭಾಷೆಗೇ ಬಂದು ನಿಲ್ಲುತ್ತೇವೆ. ಅದನ್ನು ಸ್ಕ್ಯಾನ್ ಮಾಡಿ ನನಗೆ ಕಳಿಸಿ, ಇಲ್ಲಿ ಹಾಕಬೇಡಿ. ಸ್ಟಾಂಪ್ ಕಡಿಮೆ ಇದ್ದರೆ ಕೋರ್ಟಿನಲ್ಲಿ ಹಾಜರುಪಡಿಸುವಾಗ ಹತ್ತು ಪಟ್ಟು ದಂಡ ಕೇಳುತ್ತಾರೆ, ಅದನ್ನೂ ನೋಡಬೇಕು.

ಸೈಟ್ ಸರದಾರ: ವಕೀಲರು ಸುಮ್ನೆ ಹೆದರಿಸಬಾರದು. ಮಾರ್ಕೆಟ್ ಡೌನ್ ಇದೆ, ಬಿಲ್ಡರ್‌ಗೂ ಕಷ್ಟ ಇರುತ್ತೆ. ಎಲ್ಲರೂ ಕೋರ್ಟಿಗೆ ಹೋದರೆ ಪ್ರಾಜೆಕ್ಟೇ ನಿಲ್ಲುತ್ತೆ, ಯಾರಿಗೂ ಏನೂ ಸಿಗಲ್ಲ. ಸೆಟಲ್‌ಮೆಂಟ್ ತಗೊಳ್ಳೋದೇ ಜಾಣತನ.

ಹೆಬ್ಬಾಳದವರು: ನೀವು ಏಜೆಂಟಾ?

ಸೈಟ್ ಸರದಾರ: ಪ್ರಾಪರ್ಟಿ ಕನ್ಸಲ್ಟೆಂಟ್.

ಕೆಂಗೇರಿ ಟೆಕ್ಕಿ: ಕಮಿಷನ್ ತಗೊಂಡಿದ್ದು ವಾಪಸ್ ಕೊಡಿ ಮೊದಲು, ಆಮೇಲೆ ಜಾಣತನ ಹೇಳಿ.

ವಕೀಲರು: ನಿಮ್ಮ ರೇರಾ ಏಜೆಂಟ್ ನೋಂದಣಿ ಸಂಖ್ಯೆ ಹೇಳಿ. 9ನೇ ಸೆಕ್ಷನ್ ಪ್ರಕಾರ ಅದಿಲ್ಲದೆ ನೋಂದಾಯಿತ ಪ್ರಾಜೆಕ್ಟ್ ಮಾರುವ ಹಾಗಿಲ್ಲ.

ಸೈಟ್ ಸರದಾರ: ಅದೆಲ್ಲ ಇಲ್ಲಿ ಹೇಳಬೇಕಾಗಿಲ್ಲ. ಕೇಸ್ ನಡೆದಷ್ಟೂ ನಿಮಗೆ ಫೀಸು ತಾನೆ.

ಬಸವನಗುಡಿ ಅಂಕಲ್: ಇದೊಂದು ಮಾತು ನಿಜ. ರೇರಾ ಆದೇಶ ಹಿಡ್ಕೊಂಡು ಓಡಾಡುವವರನ್ನು ನೋಡಿದ್ದೀನಿ. ಕಾಗದ ಇದೆ, ದುಡ್ಡು ಇಲ್ಲ.

ವಕೀಲರು: ಅಂಕಲ್ ಹೇಳಿದ್ದರಲ್ಲಿ ಕಾಗದದ ವಿಷಯ ಸರಿ. ಬಿಲ್ಡರ್ ಆದೇಶದಂತೆ ಕೊಡದಿದ್ದರೆ ರಿಕವರಿ ಸರ್ಟಿಫಿಕೇಟ್ ಆಗಿ ಡಿಸಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ. ಭೂಕಂದಾಯ ಬಾಕಿಯಂತೆ ವಸೂಲಿ. ನಿಧಾನ. ಬಿಲ್ಡರ್ ಹೆಸರಲ್ಲಿ ಯಾವ ಆಸ್ತಿ ಇದೆ ಅಂತ ನೀವೇ ಹುಡುಕಿ ಪಟ್ಟಿ ಕೊಟ್ಟರೆ ಸ್ವಲ್ಪ ಬೇಗ ಚಲಿಸುತ್ತದೆ. ಫೀಸಿನ ಬಗ್ಗೆ: ಈ ಗುಂಪಿನಲ್ಲಿ ಯಾರಿಂದಲೂ ಒಂದು ರೂಪಾಯಿ ತಗೊಂಡಿಲ್ಲ, ಇನ್ನೂ ಮಾತಾಡಿದರೆ ನಾನೂ ಮಾತಾಡಬೇಕಾಗುತ್ತದೆ.

ದೋಹಾ ಕನ್ನಡಿಗ: ಕಟ್ಟಿದ ಜಿಎಸ್‌ಟಿ ವಾಪಸ್ ಬರುತ್ತಾ ಸರ್?

ತುಮಕೂರು ಎಕ್ಸ್‌ಪ್ರೆಸ್: ಗ್ರಾಹಕ ಕೋರ್ಟ್‌ನಲ್ಲಿ ಬೇಗ ಆಗುತ್ತೆ ಅಂತಾರಲ್ಲ, ಲಾಯರೂ ಬೇಡವಂತೆ?

ವಕೀಲರು: ಬೇಡ, ಆದರೆ ಎದುರುಗಡೆ ಇಬ್ಬರು ಇರುತ್ತಾರೆ. ಕೊಟ್ಟ ಹಣ 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. 2 ವರ್ಷದೊಳಗೆ ಹಾಕಬೇಕು. ಅಂಗಡಿ ಅಂದ ತಕ್ಷಣ ಇದು ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ ಅನ್ನುತ್ತಾರೆ. ನೀವೇ ಕೂತು ವ್ಯಾಪಾರ ಮಾಡಿ ಹೊಟ್ಟೆ ಹೊರೆಯಲು ಕೊಂಡಿದ್ದಾ?

ತುಮಕೂರು ಎಕ್ಸ್‌ಪ್ರೆಸ್: ಇಲ್ಲ, ಇನ್ವೆಸ್ಟ್‌ಮೆಂಟ್.

ವಕೀಲರು: ಹಾಗಾದರೆ ಅಲ್ಲಿ ಕಷ್ಟ.

ಮೈಸೂರು ಪಾಕ: ಇನ್ನೊಂದು ಬಂದಿದೆ, ಇದು ಪಕ್ಕಾ. ಲೋಕಾಯುಕ್ತಕ್ಕೆ ಆನ್‌ಲೈನ್ ದೂರು ಕೊಟ್ಟರೆ ಬಿಲ್ಡರ್ ಮೇಲೆ

ವಕೀಲರು: ಲೋಕಾಯುಕ್ತ ನೋಡುವುದು ಸರ್ಕಾರಿ ನೌಕರರನ್ನು. ಬಿಲ್ಡರ್ ಸರ್ಕಾರಿ ನೌಕರನಾ?

ಮೈಸೂರು ಪಾಕ: ಸರಿಯಪ್ಪ, ನೀವೇ ಎಲ್ಲ ತಿಳಿದವರು. ಗುಂಪು ಬಿಡ್ತೀನಿ.

ಶಿವಮೊಗ್ಗದ ಮಗಳು: ಸರ್, ಪತ್ರದಲ್ಲಿ ಬಾಕಿ ಮೊತ್ತ ಬರೆದಿದ್ದಾರೆ. ಸಹಿ ಡೈರೆಕ್ಟರ್‌ದಲ್ಲ, "ಕಸ್ಟಮರ್ ರಿಲೇಷನ್ಸ್" ಅಂತ ಇದೆ. ಮೂರು ಚೆಕ್ಕೂ ಇವತ್ತು ಬ್ಯಾಂಕಿಗೆ ಹಾಕಿದ್ದಾಯಿತು. ಅಪ್ಪ ಏಜೆಂಟ್‌ಗೆ ಬೇಜಾರಾಗುತ್ತದೆ ಅಂತಿದ್ದರು.

ವಕೀಲರು: ಆಗಲಿ ಬಿಡಿ. ಆ ಸಹಿಯ ಬಗ್ಗೆ ಅವರು ತಕರಾರು ತೆಗೆಯುತ್ತಾರೆ, ಹಾಗಾಗಿ ಪತ್ರವನ್ನೇ ನಂಬಿ ಕೂರಬೇಡಿ. ದಾವೆ ಮೇ ಮುಗಿಯುವುದರೊಳಗೆ ಹಾಕಿಬಿಡೋಣ, ಬೇಸಿಗೆ ರಜೆ ಇರುತ್ತದೆ, ಏಪ್ರಿಲ್ ಅಂತಲೇ ಇಟ್ಟುಕೊಳ್ಳಿ. ಬೌನ್ಸ್ ಮೆಮೊ ಬಂದ ದಿನ ಕವರಿನ ಮೇಲೆ ತಾರೀಖು ಬರೆದು ಫೋಟೊ ತೆಗೆದಿಡಿ. ನೋಟಿಸ್ ಕಂಪನಿಗೆ ಒಂದು, ಸಹಿ ಹಾಕಿದ ಡೈರೆಕ್ಟರ್ ಹೆಸರಿಗೆ ಬೇರೆ.

ಹಾಸನ ಹುಡುಗ: ಸರ್ ನನ್ನದೂ ಅಶ್ಯೂರ್ಡ್ ರಿಟರ್ನ್, ರೇರಾಗೆ ಹೋಗಬಹುದಾ?

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಸೈಟ್ ಸರದಾರ ಅವರನ್ನು ಒಂದು ವಾರ ಮ್ಯೂಟ್ ಮಾಡಿದ್ದೇನೆ. ಜಿಎಸ್‌ಟಿ ಕೇಳಿದವರು ಸಿಎ ಬರುವ ವಾರ ಕೇಳಿ. ಹಾಸನದವರು ಮೇಲಿನಿಂದ ಓದಿಕೊಂಡು ಬನ್ನಿ.