ತಾರಸಿ ಮೇಲಿನ ಶೀಟಿನ ವಾರಂಟಿ: ಊರಿನ ವೆಲ್ಡಿಂಗ್‌ನವರು ಹಾಕಿದರೆ ಉಳಿಯುತ್ತದೆಯೇ?

ಬದಿಯಡ್ಕ_ತೋಟ
ತಾರಸಿ ಮೇಲೆ ಸುಮಾರು 1,800 ಚದರಡಿ ಶೀಟು ಹಾಕಿಸುವುದಿದೆ. ಬಣ್ಣದ ಗ್ಯಾಲ್ವಾಲ್ಯೂಮ್ (ಅಲ್ಯೂಮಿನಿಯಂ-ಸತು ಲೇಪಿಸಿದ ಉಕ್ಕಿನ ತಗಡು), 0.47 ಮಿ.ಮೀ. ಹತ್ತು ವರ್ಷ ವಾರಂಟಿ ಉಂಟು, ಆದರೆ ಕಂಪೆನಿಯ ಪಟ್ಟಿಯಲ್ಲಿರುವ ತಂಡವೇ ಹಾಕಬೇಕು ಅಂತ ಅಂಗಡಿಯವರು ಹೇಳುತ್ತಾರೆ. ಅವರ ಕೂಲಿ ಜಾಸ್ತಿ. ಕಬ್ಬಿಣದ ಕೆಲಸ ಊರಿನವರಿಗೆ, ಶೀಟು ಮಾತ್ರ ಆ ತಂಡಕ್ಕೆ ಕೊಟ್ಟರೆ ಆದೀತಾ? ಯಾವೆಲ್ಲ ಕಾಗದ ಬೇಕು? ಮನೆ ಅಮ್ಮನ ಹೆಸರಲ್ಲಿದೆ, ಪಕ್ಕದಲ್ಲೇ ಅಡಿಕೆ ತೋಟ.

ಮಾಡಿನ_ಲೆಕ್ಕ
ಹಾಗೆ ಪಾಲು ಮಾಡಿ ಕೊಡಬಹುದು. ಆದರೆ ಇಲ್ಲಿರುವುದು ಎರಡು ವಾರಂಟಿ. ಕಂಪೆನಿಯದ್ದು ಶೀಟಿಗೆ ಮಾತ್ರ: ತುಕ್ಕು ಹಿಡಿದು ತೂತಾಗುವುದು, ಬಣ್ಣ ಏಳುವುದು. ಸೋರಿಕೆ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ನೀರು ಇಳಿಯುವುದು ಸ್ಕ್ರೂ, ಜೋಡಣೆ, ಗೋಡೆ ಸೇರುವ ಮೂಲೆಗಳಲ್ಲಿ. ಅದಕ್ಕೆ ಹಾಕಿದವರೇ ತಮ್ಮ ಲೆಟರ್‌ಹೆಡ್‌ನಲ್ಲಿ ವರ್ಷ ನಮೂದಿಸಿ ಬರೆದುಕೊಡಬೇಕು. ಬಾಯಿಮಾತಿನ ‘ನಾವು ನೋಡಿಕೊಳ್ತೇವೆ’ ಲೆಕ್ಕಕ್ಕಿಲ್ಲ.

‘ಪಟ್ಟಿಯ ತಂಡವೇ ಬೇಕು’ ಎಂಬುದು ವಾರಂಟಿ ಕಾರ್ಡಿನಲ್ಲಿ ಅಚ್ಚಾಗಿದೆಯೋ, ಅಂಗಡಿಯವರ ಮಾತೋ, ಮೊದಲು ಓದಿ. ಅಚ್ಚಾಗಿದ್ದರೆ ತಂಡದ ಪ್ರಮಾಣಪತ್ರ ಕೆಲಸದ ದಿನಕ್ಕೆ ಚಾಲ್ತಿಯಲ್ಲಿದೆಯೇ ಎಂದು ಕಂಪೆನಿಗೇ ಇಮೇಲ್ ಮಾಡಿ ಕೇಳಿ. ಪ್ರಮಾಣಪತ್ರ ಒಬ್ಬರದ್ದು, ಮಾಡು (ಛಾವಣಿ) ಹತ್ತುವವರು ಬೇರೆಯವರು ಅಂತ ಆಗಬಾರದು.

ಕಬ್ಬಿಣದ ಕೆಲಸ ಮುಗಿದ ಮೇಲೆ ಶೀಟಿನ ತಂಡ ಬಂದು ಶೀಟು ಕೂರುವ ಕಬ್ಬಿಣದ ಅಡ್ಡಪಟ್ಟಿಗಳ ಅಂತರ, ಇಳಿಜಾರು ಅಳೆದು ‘ಸರಿಯಿದೆ’ ಎಂದು ಸಹಿ ಹಾಕಲಿ. ಈ ಒಂದು ಕಾಗದ ಇಲ್ಲದಿದ್ದರೆ ನಾಳೆ ಇಬ್ಬರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ. 5 ಡಿಗ್ರಿ ಇಳಿಜಾರು ಅಂದರೆ 10 ಅಡಿಗೆ ಹತ್ತೂವರೆ ಇಂಚು ಏರು. ನಮ್ಮ ಆಟಿ ತಿಂಗಳ ಜೋರು ಮಳೆಗೆ ಅದರ ಎರಡರಷ್ಟು ಕೊಟ್ಟರೆ ಒಳ್ಳೆಯದು.

ಬಿಲ್ಲು, ಕಾರ್ಡು ಎರಡೂ ಅಮ್ಮನ ಹೆಸರಲ್ಲೇ ಇರಲಿ, ಕೆಲಸದ ಜಾಗದ ವಿಳಾಸದೊಂದಿಗೆ. ಬಿಲ್ಲಿನಲ್ಲಿ ಬರೀ ‘ಶೀಟು’ ಅಂತ ಬರೆದರೆ ಒಪ್ಪಬೇಡಿ. ಬ್ರ್ಯಾಂಡು, ದಪ್ಪ (ಬಣ್ಣ ಸೇರಿಯೋ, ಬಿಟ್ಟೋ), ಲೇಪನದ ದರ್ಜೆ, ಕಾಯಿಲ್ (ಶೀಟು ಕತ್ತರಿಸಿದ ತಗಡಿನ ಸುರುಳಿ) ನಂಬರ್ ಬರಬೇಕು. ಎಜೆಡ್ 150 ಅಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಅಲ್ಯೂಮಿನಿಯಂ-ಸತುವಿನ ಲೇಪನ.

ಸ್ಕ್ರೂ_ವಾಶರ್
ಮೇಲಿನದ್ದಕ್ಕೆ ಸೇರಿಸುತ್ತೇನೆ. ವಾರಂಟಿ ಕ್ಲೇಮು ತಿರಸ್ಕಾರವಾಗುವುದು ಹೆಚ್ಚಾಗಿ ಗ್ರೈಂಡರಿನಿಂದ. ಕಟ್ಟಿಂಗ್ ವೀಲ್ ಇಟ್ಟು ಶೀಟು ಕೊಯ್ದರೆ ಅಂಚಿನ ಬಣ್ಣ, ಲೇಪನ ಎರಡೂ ಸುಡುತ್ತದೆ; ಬಿಸಿ ಕಬ್ಬಿಣದ ಪುಡಿ ಹಾರಿ ಬಣ್ಣದೊಳಗೆ ಕೂರುತ್ತದೆ. ಮೊದಲ ಮಳೆಗೇ ಕೆಂಪು ಚುಕ್ಕಿ. ನೋಡಲು ಬಂದ ಕಂಪೆನಿಯವರಿಗೆ ಆ ಚುಕ್ಕಿ ಕಂಡರೆ ಸಾಕು, ‘ಕೆಲಸದ ದೋಷ’ ಎಂದು ಬರೆದು ಹೋಗುತ್ತಾರೆ. ನಿಬ್ಲರ್ (ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ) ಅಥವಾ ತಗಡು ಕತ್ತರಿ ಬಳಸಲು ಕರಾರಿನಲ್ಲೇ ಬರೆಸಿ. ವೆಲ್ಡಿಂಗ್, ಪೈಂಟಿಂಗ್ ಎಲ್ಲ ಮುಗಿಯುವ ತನಕ ಶೀಟು ಮೇಲೆ ಏರಿಸಬೇಡಿ. ಸ್ಕ್ರೂ ಕೊರೆದ ಪುಡಿಯನ್ನು ಪ್ರತಿ ಸಂಜೆ ಮೆತ್ತನೆಯ ಕಸಬರಿಕೆಯಲ್ಲಿ ಗುಡಿಸಬೇಕು.

ಸ್ಕ್ರೂವಿನ ವಾಶರ್ ಇಪಿಡಿಎಮ್ (ಬಿಸಿಲು-ಮಳೆ ತಡೆಯುವ ಒಂದು ಜಾತಿಯ) ರಬ್ಬರಿನದ್ದೇ ಇರಲಿ. ಬಿಗಿ ಸರಿಯಿದ್ದರೆ ರಬ್ಬರು ಲೋಹದ ಬಿಲ್ಲೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ. ಹೊರಗೆ ಉಬ್ಬಿದರೆ ಹೆಚ್ಚಾಯಿತು, ಅದು ಬಿಸಿಲಿಗೆ ಬೇಗ ಸೀಳುತ್ತದೆ. ‘ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಗಟ್ಟಿ’ ಎಂಬ ಮಾತು ಈ ಶೀಟಿಗೆ ಹೊಂದುವುದಿಲ್ಲ. ಉಪ್ಪುಗಾಳಿಯಲ್ಲಿ ಸ್ಕ್ರೂ ಚೆನ್ನಾಗಿರುತ್ತದೆ, ಸುತ್ತಲಿನ ಶೀಟು ಸವೆಯುತ್ತದೆ. ಕಂಪೆನಿಯ ಕೈಪಿಡಿಯಲ್ಲಿ ಹೇಳಿದ ಲೇಪನದ ಸ್ಕ್ರೂವನ್ನೇ ತನ್ನಿ, ಡಬ್ಬದ ಲೇಬಲ್ ಫೋಟೋ ತೆಗೆದಿಡಿ.

ಫೋಟೋ ತೆಗೆಯುವ ಹೊತ್ತು ಮುಖ್ಯ. ಕಟ್ಟು ಬಿಚ್ಚುವ ಮೊದಲು ಕಾಯಿಲ್ ಲೇಬಲ್, ಬಿಚ್ಚಿದ ಮೇಲೆ ಹಿಂಬದಿಯ ಅಚ್ಚು, ದಪ್ಪ ಅಳೆಯುವ ಮೈಕ್ರೋಮೀಟರ್ ಕಚ್ಚಿಸಿದ ಅಂಚು, ಅಳತೆ ಟೇಪು ಇಟ್ಟ ಜೋಡಣೆ. ಮಾಡು ಮುಚ್ಚಿದ ಮೇಲೆ ಇವು ಸಿಗುವುದಿಲ್ಲ.

ಉಪ್ಪಳ, ಕುಂಬಳೆಯ ಕಡಲ ಬದಿಯವರು ಓದುತ್ತಿದ್ದರೆ: ಸಮುದ್ರದಿಂದ ಎಷ್ಟು ದೂರದೊಳಗೆ ವಾರಂಟಿ ಇಲ್ಲ ಎಂದು ಕಾರ್ಡಿನಲ್ಲಿ ನೋಡಿಯೇ ದುಡ್ಡು ಕೊಡಿ.

ಬದಿಯಡ್ಕ_ತೋಟ
ಉಪಕಾರ ಅಣ್ಣ. ತೋಟದಿಂದ ಏನಾದರೂ ತೊಂದರೆ ಉಂಟಾ? ಸೋಗೆ ಬೀಳುವುದು ಬಿಟ್ಟು.

ಮಾಡಿನ_ಲೆಕ್ಕ
ಉಂಟು, ಮದ್ದು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ತಾಮ್ರ ಶೀಟಿನ ಗೀರು, ಕೊಯ್ದ ಅಂಚಿನ ಮೇಲೆ ಕೂತರೆ ಅಲ್ಲಿನ ಸತು, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸುಣ್ಣ ಬಣ್ಣವನ್ನು ಮಂಕು ಮಾಡುತ್ತದೆ. ತಾಮ್ರದ ಸಂಪರ್ಕವನ್ನು ಇಂತಹ ಕಾರ್ಡುಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಮಾಡಿಗೆ ಬಾಗಿದ ಮರಕ್ಕೆ ಮದ್ದು ಬಿಡುವಾಗ ಟರ್ಪಾಲು ಹಾಸಿ, ಹನಿ ಬಿದ್ದರೆ ಒಣಗುವ ಮೊದಲೇ ನೀರು ಹಾಯಿಸಿ. ಎ.ಸಿ.ಯ ತಾಮ್ರದ ಪೈಪಿನಿಂದ ಇಳಿಯುವ ನೀರೂ, ಸಿಡಿಲು ತಂತಿಯ ತಾಮ್ರವೂ ಶೀಟಿಗೆ ತಾಗಬಾರದು. ಮಳೆ ತೊಳೆಯದ ಸೂರಿನಡಿಯನ್ನು ಆರು ತಿಂಗಳಿಗೊಮ್ಮೆ ತೊಳೆದು, ತಾರೀಕಿನೊಂದಿಗೆ ಫೋಟೋ ಇಡಿ.

ಮುಂದೆ ಸೋಲಾರ್ ಹಾಕಿಸುವುದಿದ್ದರೆ, ತೂತು ಕೊರೆಯುವ ಮೊದಲು ಶೀಟು ಹಾಕಿದ ತಂಡದ ಒಪ್ಪಿಗೆ ಬರಹದಲ್ಲಿರಲಿ.

ಸ್ಕ್ರೂ_ವಾಶರ್
ದೋಷ ಕಂಡರೆ ಟಾರು ಟೇಪು ಅಂಟಿಸಬೇಡಿ, ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಟರ್ಪಾಲು ಸಾಕು. ಅಂಗಡಿಗೂ ಕಂಪೆನಿಗೂ ಒಂದೇ ದಿನ ಇಮೇಲ್ ಹೋಗಲಿ. ಎಷ್ಟು ದಿನದೊಳಗೆ ತಿಳಿಸಬೇಕು ಎಂದು ಕಾರ್ಡಿನಲ್ಲಿರುತ್ತದೆ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಗಡುವು, ಅದು ದೂರಿಗೆ ಕಾರಣ ಹುಟ್ಟಿದ ದಿನದಿಂದ.